ಹುಟ್ಟುಮಣ್ಣು ಬಂತು

ಮಣ್ಣಿನ ವಿಷಯದಲ್ಲಿ ಕರಣೆಯಕ್ಕನ ಕೈ ಯಾವತ್ತೂ ಸುಳ್ಳು ಹೇಳಿದ್ದಿಲ್ಲ. ಬಾಯಿ ಹೇಳ್ತು. ಒಂದೇ ಒಂದು ಸಲ. "ಹುಟ್ಟುಮಣ್ಣು ಬಂತು ಮೇಡಂ" ಅಂದ್ಲು, ಅಷ್ಟೇ.

ಹುಟ್ಟುಮಣ್ಣು ಅಂದ್ರೆ ಮನುಷ್ಯರ ಕೈ ತಾಗದ ಮಣ್ಣು. ಅಗೀತಾ ಹೋದ್ರೆ ಮೊದಲು ಕಸ ಸಿಗುತ್ತೆ. ಆಮೇಲೆ ಬೋಕಿ ಚೂರು, ಬೂದಿ, ಇಟ್ಟಿಗೆ, ಹಳೇ ಗೋಡೆ, ಅದರಡಿ ಇನ್ನೂ ಹಳೇ ಗೋಡೆ. ಅದೆಲ್ಲ ಮುಗಿದ ಮೇಲೆ ಒಂದು ಮಣ್ಣು ಬರುತ್ತೆ. ಒಂದೇ ಬಣ್ಣ, ಒಂದೇ ಬಿಗಿ. ಕರಣೆ ಆಡ್ಸಿದ್ರೆ ಸದ್ದೇ ಬೇರೆ. ಅದು ಬಂತು ಅಂದ್ರೆ ಆ ಗುಂಡಿ ಮುಗೀತು. ಅಗೆಯೋರು ಮೇಲೆ ಬರ್ತಾರೆ, ಬರೆಯೋರು ಬರ್ಕೋತಾರೆ: ಇದರ ಕೆಳಗೆ ಏನೂ ಇಲ್ಲ.

ಈ ಮಾತನ್ನ ಆ ಕೆಲಸದಲ್ಲಿ ಯಾರು ಬೇಕಾದ್ರೂ ಹೇಳೋ ಹಾಗಿರ್ಲಿಲ್ಲ. ಹದಿನಾರು ವರ್ಷದಿಂದ ಅದನ್ನ ಹೇಳ್ತಾ ಇದ್ದದ್ದು ಕರಣೆಯಕ್ಕ ಒಬ್ಳೇ. ಮೊದಲು ಅವಳು ಮಣ್ಣು ಹೊರೋ ಆಳು. ಒಂದಿನ ಬಾಂಡ್ಲಿ ಕೆಳಗಿಟ್ಟು, "ಇಲ್ಲಿ ಮಣ್ಣು ಬದಲಾಯ್ತು ನೋಡಿ" ಅಂದ್ಲು. ಓದ್ಕೊಂಡೋರು ನಾಲ್ಕು ಜನ ಬಗ್ಗಿ ನೋಡಿದ್ರು. ಹೌದು, ಬದಲಾಗಿತ್ತು. ಅವತ್ತು ಕೈಗೆ ಕರಣೆ ಬಂತು, ಹೆಸರೂ ಅದೇ ಆಯ್ತು.

ಈ ಸಲದ ಜಾಗ ಊರಂಚಿನ ಇಳಿಜಾರು. ದೊಡ್ಡ ಕಟ್ಟಡ ಬರೋದಿತ್ತು, ಕೆಳಗೆ ಅಂಗಡಿ, ಮೇಲೆ ಆಫೀಸು. ಕಟ್ಟೋಕೆ ಮುಂಚೆ ನೆಲದಡಿ ಹಳೇ ಕಾಲದ್ದು ಏನಾದ್ರೂ ಇದೆಯಾ ಅಂತ ನೋಡ್ಬೇಕು, ಅದು ಕಾನೂನು. ಗೂಟ ಹೊಡೆದು ದಾರ ಕಟ್ಟಿ ಅಲ್ಲಲ್ಲಿ ಒಂಬತ್ತು ಗುಂಡಿ ಗುರುತು ಮಾಡಿದ್ರು. ನೋಡ್ಕೊಳ್ಳೋಕೆ ಬಂದಿದ್ದು ಡಾಕ್ಟ್ರಮ್ಮ. ಮಣ್ಣು ಓದಿ ಡಾಕ್ಟ್ರಾದೋಳು. ಮೊದಲನೇ ದಿನ ಮಣ್ಣು ಜರಡಿ ಹಿಡಿಯೋ ಜರಡಿ ಮಾವ ಉಳುಕಿದ ಕಾಲು ಚಾಚ್ಕೊಂಡು ಅವಳ ಮುಂದೆ ಕೂತಿದ್ದ. "ಅಯ್ಯೋ ತಾತ, ನಾನು ಸತ್ತು ಸಾವಿರ ವರ್ಷ ಆದೋರನ್ನ ಮಾತ್ರ ನೋಡೋದು" ಅಂದ್ಲು ಅವಳು. "ಹಾಗಾದ್ರೆ ಸ್ವಲ್ಪ ತಾಳ್ತೀನಿ ಬಿಡಮ್ಮ" ಅಂದ ಮಾವ. ಒಳ್ಳೆಯವಳೇ. ಅಕ್ಕ ಅಂತಲೇ ಕರೀತಿದ್ಲು. ತಾನು ಕುಡಿಯೋ ಬಾಟ್ಲಿಯಿಂದಲೇ ನೀರು ಕೊಡ್ತಿದ್ಲು. ಅದಕ್ಕೇ ಆಮೇಲೆ ಇನ್ನೂ ಕಷ್ಟ ಆಗಿದ್ದು.

ಅಗೆಯೋ ಮುಂಚೆ ಮಷಿನ್ನು ಬಂತು. ಮೇಲಿನ ಎರಡಡಿ ಬಳಿದು ಹಾಕೋಕೆ. "ಮೇಲ್ಕಸ" ಅಂತಾರೆ ಅದಕ್ಕೆ. ಮಷಿನ್ನಿನ ಹಲ್ಲಿಗೆ ಕೆಂಪು ಗಾರೆ ನೆಲದ ತುಂಡು ಸಿಕ್ತು. ನಲ್ಲಿ ಕಟ್ಟೆ ಸಿಕ್ತು. ಒಲೆ ಇಟ್ಟಿದ್ದ ಮೂಲೆ ಸಿಕ್ತು, ಗೋಡೆ ಮೇಲಿನ ಮಸಿ ಇನ್ನೂ ಹಾಗೇ ಇತ್ತು. ಅದು ಕರಣೆಯಕ್ಕ ಹುಟ್ಟಿದ ಸಾಲು. ನಲವತ್ತಾರು ಮನೆ. ಊರಿನ ಚರಂಡಿ, ಊರಿನ ಪಾಯಿಖಾನೆ ಗುಂಡಿ, ಊರಿನ ಸತ್ತ ನಾಯಿ, ಇದೆಲ್ಲ ಎತ್ತೋರ ಮನೆಗಳು. ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಎಲ್ಲ ಕೆಡವಿ, ಜನಾನ ಊರಾಚೆ ನಾಲ್ಕಂತಸ್ತಿನ ಡಬ್ಬಿಗಳಿಗೆ ತುಂಬಿದ್ರು.

"ಮೇಡಂ, ಅದು ಮನೆ ನೆಲ" ಅಂದ್ಲು ಕರಣೆಯಕ್ಕ.

"ಗೊತ್ತಕ್ಕ. ಆದ್ರೆ ನೂರು ವರ್ಷ ಆಗಿಲ್ವಲ್ಲ. ನೂರಾಗದೇ ಇದ್ರೆ ನಮ್ಮ ಲೆಕ್ಕಕ್ಕೆ ಬರಲ್ಲ."

"ಆಗೋಕೆ ಬಿಟ್ರಾ?"

ಡಾಕ್ಟ್ರಮ್ಮ ಪೆನ್ನು ತೆಗೆದ್ಲು. ಹಾಳೆ ಮೇಲೆ ಬರೆದ್ಲು: ಪದರ ಒಂದು, ಇತ್ತೀಚಿನ ಕಸ.

ಮೂರನೇ ಗುಂಡೀಲಿ ಸಾವಿರ ವರ್ಷದ ಗೋಡೆ ಬಂತು. ಗೋಡೆ ಬುಡದಲ್ಲಿ ಒಂದು ಅಸ್ಥಿಪಂಜರ. ತಗೋ, ಹಬ್ಬ! ಬಿಸಿಲು ಬೀಳದ ಹಾಗೆ ಬಟ್ಟೆ ಕಟ್ಟಿದ್ರು. ಕರಣೆಯಕ್ಕ ಹದಿನಾರು ವರ್ಷದಿಂದ ಕೂರೋಕೆ ನೆರಳು ಕೇಳಿದ್ರೂ ಸಿಕ್ಕಿರ್ಲಿಲ್ಲ, ಮೂಳೆಗೆ ಅರ್ಧ ಗಂಟೇಲಿ ಬಂತು. ಐದು ದಿನ ಅವಳು ಹೊಟ್ಟೆ ನೆಲಕ್ಕೆ ಒತ್ತಿ ಮಲಗಿ ಬ್ರಷ್ಷಿಂದ ಒಂದೊಂದೇ ಹಲ್ಲು ಬಿಡಿಸಿದ್ಲು. ಮೊಣಕೈ ಚರ್ಮ ಕಿತ್ತುಹೋಯ್ತು. ಫೋಟೋ ತೆಗೆದ್ರು, ಅಳತೆ ಪಟ್ಟಿ ಇಟ್ಟು ತೆಗೆದ್ರು, ಇಡದೆ ತೆಗೆದ್ರು. ಕಾಲೇಜಿಂದ ಬಂದಿದ್ದ ಒಬ್ಳು ತನ್ನ ಟೋಪೀನ ತಲೆಬುರುಡೆ ಮೇಲಿಟ್ಟು ಪಕ್ಕದಲ್ಲಿ ನಕ್ಕು ಪಟ ತೆಗೆಸ್ಕೊಂಡ್ಲು. ಡಾಕ್ಟ್ರಮ್ಮ ಬೈದ್ಲು, ನಿಜ. ಆದ್ರೆ ನಗು ಆಗಿಹೋಗಿತ್ತು. ಆಮೇಲೆ ಮೂಳೆ ಮೇಲೇ ಕಪ್ಪು ಶಾಯೀಲಿ ನಂಬರು ಬರೆದ್ರು. ರಟ್ಟಿನ ಪೆಟ್ಟಿಗೆಗೆ ತುಂಬಿದ್ರು. ಉಗ್ರಾಣದಲ್ಲಿ ಪೆಟ್ಟಿಗೆ ಮೇಲೆ ಪೆಟ್ಟಿಗೆ.

ಕರಣೆಯಕ್ಕ ಅವತ್ತು ಊಟ ಬಿಚ್ಚಲಿಲ್ಲ. ಯಾಕಂದ್ರೆ ಏಳನೇ ಗುಂಡಿ ಎಲ್ಲಿ ಬರುತ್ತೆ ಅಂತ ಅವಳಿಗೆ ಗೊತ್ತಿತ್ತು. ಸಾಲಿನ ಹಿಂದೆ, ನಲ್ಲಿ ಕಟ್ಟೆಯಿಂದ ಇಳಿಜಾರಿಗೆ ನಲವತ್ತು ಹೆಜ್ಜೆ.

ಇಪ್ಪತ್ತೆಂಟು ವರ್ಷದ ಹಿಂದೆ ಅವಳಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ಇಪ್ಪತ್ತೆರಡು ದಿನ ಇತ್ತು. ಹೋದಾಗ ಅವಳಿಗೆ ಮೈಮೇಲೆ ಎಚ್ಚರ ಇಲ್ಲದಷ್ಟು ಜ್ವರ. ಅವಳವ್ವ ಕೂಸನ್ನ ಊರಿನ ಮಣ್ಣು ಮಾಡೋ ಜಾಗಕ್ಕೆ ಎತ್ಕೊಂಡು ಹೋದ್ಲು. ಕಾವಲಿನವನು ಗೇಟು ತೆಗೀಲಿಲ್ಲ. "ನಿಮ್ಮೋರಿಗೆ ಇಲ್ಲಿಲ್ಲ, ಗೊತ್ತಲ್ವಾ? ನಿಮ್ಮ ಹಿಂದಿನ ಇಳಿಜಾರು ಇದೆಯಲ್ಲ" ಅಂದ. ಆ ಜಾಗದ ಚರಂಡಿ ತೆಗೀತಿದ್ದೋಳೂ ಅವ್ವನೇ. ಬದುಕಿದ್ದಾಗ ಒಳಗೆ ಹೋಗ್ಬಹುದು, ಪೊರಕೆ ಹಿಡ್ಕೊಂಡು. ಅವ್ವ ವಾಪಸ್ಸು ಬಸ್ಸಲ್ಲಿ ಬಂದ್ಲು, ಕೂಸನ್ನ ಮಡಿಲಲ್ಲಿಟ್ಕೊಂಡು. ಪಕ್ಕದ ಸೀಟಿನ ಹೆಂಗಸು, "ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತೆ" ಅಂದ್ಲಂತೆ. "ಹೂಂ" ಅಂದ್ಲಂತೆ ಅವ್ವ.

ಕೂಸನ್ನ ಆ ಇಳಿಜಾರಲ್ಲೇ ಇಟ್ರು, ಜ್ವರ ಇಳಿದ ಮೇಲೆ ಅವ್ವ ಜಾಗ ತೋರಿಸಿದ್ಲು. ಅಲ್ಲಿ ಕಲ್ಲು ನೆಟ್ರೆ ಊರಿನೋರು ಕೀಳ್ತಿದ್ರು. ಅದಕ್ಕೆ ಯಾರೂ ನೆಡ್ತಿರ್ಲಿಲ್ಲ. ಗೊತ್ತಿದ್ದೋರಿಗೆ ಗೊತ್ತಿತ್ತು, ಅಷ್ಟೇ ಗುರುತು.

ಏಳನೇ ಗುಂಡೀಲಿ ಮೂರಡಿ ಇಳಿದಾಗ ಕರಣೆಗೆ ಮಣ್ಣು ಮೆತ್ತಗೆ ಸಿಕ್ತು. ಸುತ್ತ ಬಿಗಿ ಮಣ್ಣು, ನಡುವೆ ಒಂದು ತೇಪೆ. ಕಪ್ಪು ಹಳದಿ ಎರಡೂ ಕಲೆಸಿದ ಹಾಗೆ. ಯಾರೋ ತೋಡಿದ್ರು, ತೋಡಿದ್ದನ್ನ ಮತ್ತೆ ತುಂಬಿದ್ರು. ಸಣ್ಣ ತೇಪೆ. ಅವಳ ಒಂದು ಮೊಳ ಉದ್ದ, ಅಷ್ಟೇ.

ಅವಳು ಅಂಗೈ ಇಟ್ಲು. ಎತ್ತಲಿಲ್ಲ.

"ಅಕ್ಕ, ಏನು ಬಂತು?" ಡಾಕ್ಟ್ರಮ್ಮ ಮೇಲಿಂದ ಕೂಗಿದ್ಲು.

ನಂಬರು. ಶಾಯಿ. ಟೋಪಿ. ರಟ್ಟು.

"ಹುಟ್ಟುಮಣ್ಣು ಬಂತು ಮೇಡಂ."

"ಖಂಡಿತಾನಾ?"

"ಹೂಂ."

"ನೀವು ಅಂದ ಮೇಲೆ ಮುಗೀತು ಬಿಡಿ" ಅಂದು ಡಾಕ್ಟ್ರಮ್ಮ ಬರ್ಕೊಂಡ್ಲು. ಇಳಿದು ನೋಡಲೂ ಇಲ್ಲ. ನಂಬಿಕೆ ಅಂದ್ರೆ ಅಂಥಾ ನಂಬಿಕೆ.

ಅವತ್ತು ಸಂಜೆ ಕರಣೆಯಕ್ಕ ಮೂರನೇ ಅಂತಸ್ತಿನ ಮೆಟ್ಲು ಹತ್ತಿದ್ದೇ ಗೊತ್ತಾಗ್ಲಿಲ್ಲ. ಅವ್ವ ಮಂಚದ ಮೇಲೆ ಮಂಡಿಗೆ ಎಣ್ಣೆ ತಿಕ್ಕೊಂಡು ಕೂತಿದ್ಲು.

"ಅವ್ವಾ, ಮುಚ್ಚಿಬಿಟ್ಟೆ ಕಣೆ. ಯಾರೂ ಮುಟ್ಟಲ್ಲ ಇನ್ನ."

ಅವ್ವ ಎಣ್ಣೆ ಕೈಯಲ್ಲೇ ಅವಳ ಮುಖ ಸವರಿದ್ಲು. "ಒಳ್ಳೇದಾಯ್ತು. ಮೇಲೆ ಏನು ಬರುತ್ತಂತೆ?"

"ಕಾರು ಹೋಗೋ ದಾರಿಯಂತೆ."

"ಹೋಗ್ಲಿ ಬಿಡು. ನಮ್ಮೋರ ಮೇಲೆ ಓಡಾಡೋದು ಅವರಿಗೇನು ಹೊಸದಾ? ಕೂಸಿಗೆ ಭಾರ ಆಗದಿದ್ರೆ ಸರಿ."

ಇಬ್ರೂ ಹಾಗೇ ಅಂದ್ಕೊಂಡಿದ್ರು. ಮನೆ ಅಂದ್ರೆ ನೆಲದ ಮೇಲೆ ಕೂರೋದು. ಅವರ ಸಾಲಿನ ನಲವತ್ತಾರು ಮನೇಲಿ ಯಾವುದರ ಪಾಯಾನೂ ಮಂಡಿ ದಾಟಿರ್ಲಿಲ್ಲ. ನೆಲ ಸಮ ಮಾಡು, ಎರಡು ವರಸೆ ಕಲ್ಲಿಡು, ಗೋಡೆ ಎಬ್ಬಿಸು. ಅವ್ವನ ಮನೆ ಹಾಗೇ ಆಗಿದ್ದು, ಅಜ್ಜೀದೂ ಹಾಗೇ. ಕಟ್ಟಡ ಬಂದ್ರೆ ಮುಚ್ಚಿಗೆ ಆಯ್ತು, ಇನ್ನು ಯಾರ ಕೈಗೂ ಸಿಗಲ್ಲ. ಕರಣೆಯಕ್ಕ ಆ ದಿನ ಹೊಟ್ಟೆ ತುಂಬ ಉಂಡ್ಲು.

ಮಾರನೇ ದಿನ, ಮಂಗಳವಾರ, ಟೀ ಹೊತ್ತಿಗೆ ಹೆಲ್ಮೆಟ್ಟು ಬಂದ. ಕಟ್ಟಡದೋರ ಇಂಜಿನಿಯರು. ಅವನ ಬಿಳೀ ಹೆಲ್ಮೆಟ್ಟಿನ ಮೇಲೆ ಒಂದು ಗೀರು ಇಲ್ಲ, ಅದಕ್ಕೇ ಆ ಹೆಸರು. ಖುಷಿಯಾಗಿದ್ದ.

"ಗುರುವಾರ ನಮ್ಮ ಮಷಿನ್ನು ಇಳಿಯುತ್ತೆ. ಏಳನೇ ಗುಂಡಿ ಕಡೆಯಿಂದಲೇ ಶುರು. ಉಳಿದ ಕಡೆ ಹಳೇ ಗೋಡೆ ತಕರಾರು, ಅಲ್ಲೇನೂ ಇಲ್ವಲ್ಲ. ಎರಡು ಅಂತಸ್ತು ಕೆಳಕ್ಕೆ ಹೋಗ್ತೀವಿ."

"ಕೆಳಕ್ಕಾ?" ಅಂದ್ಲು ಕರಣೆಯಕ್ಕ.

"ಕಾರು ನಿಲ್ಸೋಕೆ. ಮೂವತ್ತಡಿ ಆಳ."

"ಕಾರನ್ನ ನಿಲ್ಸ್ತೀರೋ ಹೂಳ್ತೀರೋ ಸಾರ್?" ಅಂದ ಜರಡಿ ಮಾವ. ಎಲ್ರೂ ಗೊಳ್ಳಂತ ನಕ್ರು. ಹೆಲ್ಮೆಟ್ಟೂ ನಕ್ಕ.

ಕರಣೆಯಕ್ಕನ ಕೈಯಲ್ಲಿದ್ದ ಟೀ ಮೇಲೆ ಕೆನೆ ಕಟ್ತು. ಮೂವತ್ತಡಿ. ಮಷಿನ್ನಿನ ಹಲ್ಲು ಒಂದು ಸಲ ಬಾಯಿ ಹಾಕಿದ್ರೆ ಎಂಟು ಬಾಂಡ್ಲಿ ಮಣ್ಣು. ಆ ಮಣ್ಣು ಲಾರಿಗೆ. ಲಾರಿ ಎಲ್ಲಿಗೋ, ಯಾವ ಹಳ್ಳ ತುಂಬೋಕೋ. ಅಲ್ಲೇನೂ ಇಲ್ಲ ಅಂತ ಹೇಳಿದ್ದು ಯಾರು? ಊರಿನೋರು ಅಜ್ಜಿ ಕಾಲದಿಂದ ಹೇಳ್ತಾನೇ ಇದ್ರು, ಅಲ್ಲೇನೂ ಇಲ್ಲ, ಅಲ್ಯಾರೂ ಇಲ್ಲ ಅಂತ. ಈ ಸಲ ಹೇಳಿದ್ದು ಅವಳೇ.

ಮಂಗಳವಾರ ಹೋಯ್ತು. ಹೇಳ್ಲಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ, ಅದು ಒಂದು. ಹದಿನಾರು ವರ್ಷದ ಮಾತು ಹೋಗುತ್ತೆ, ಅದು ಇನ್ನೊಂದು. ಎಂಟನೇ ಗುಂಡೀಲಿ ಮಣ್ಣು ಕೆರೆಯೋಕೆ ಕೂತ್ರೆ ಕೈಗೆ ಏನೂ ತಿಳೀತಿರ್ಲಿಲ್ಲ. ಬಿಗಿ ಯಾವುದು, ಮೆತ್ತಗೆ ಯಾವುದು, ಎಲ್ಲಾ ಒಂದೇ. ಎರಡು ಸಲ ವಾಂತಿ ಆಯ್ತು. ಬಿಸಿಲು ಅಂದ್ಲು. ಡಾಕ್ಟ್ರಮ್ಮ ತನ್ನ ಟೋಪಿ ತೆಗೆದು ಅವಳ ತಲೆಗಿಟ್ಲು. ಅದು ಇನ್ನೂ ಸುಡ್ತು.

ಬುಧವಾರ ಕೆಲಸ ಬಿಡೋ ಹೊತ್ತು. ನಲ್ಲಿ ಹತ್ರ ಜರಡಿ ಮಾವ ಕಾಲು ತೊಳೀತಿದ್ದ. ಅಗೆದ ಮಣ್ಣನ್ನೆಲ್ಲ ಜರಡಿ ಹಿಡಿದು ಚೂರುಪಾರು ಹುಡುಕೋದು ಅವನ ಕೆಲಸ. ಅವ್ವನ ಕಡೆಯಿಂದ ಸಂಬಂಧ. ಹಳೇ ಸಾಲಿನಲ್ಲಿ ಯಾರು ಹೋದ್ರೂ ಕುಣಿ ತೋಡ್ತಿದ್ದೋನು ಅವನೇ. ಅವನ ಹೆಂಡ್ತೀನೂ ಆ ಇಳಿಜಾರಲ್ಲೇ ಇದ್ಲು.

"ಮಾವ, ಏಳನೇ ಗುಂಡೀಲಿ ಹುಟ್ಟುಮಣ್ಣು ಬಂದಿರ್ಲಿಲ್ಲ."

ಮಾವ ಚೊಂಬು ಕೆಳಗಿಟ್ಟ.

"ನನ್ ಕೂಸಿನ ಕುಣಿ ಬಂತು. ನಾನು ಸುಳ್ಳು ಹೇಳ್ದೆ. ಪೆಟ್ಟಿಗೇಲಿ ಹಾಕ್ತಾರೆ ಅಂತ..."

ಬೈತಾನೆ ಅಂದ್ಕೊಂಡ್ಲು. ಬೈದಿದ್ರೆ ಚೆನ್ನಾಗಿತ್ತು.

"ನಾನು ಆ ಗುಂಡಿಗೇ ಕಾಯ್ತಿದ್ದೆ ಕಣೇ" ಅಂದ. "ನಮ್ಮ ಬಾಯಿ ಮಾತು ಯಾರು ಕೇಳ್ತಾರೆ? ಇವರೇ ಅಗೀಲಿ, ಇವರೇ ನೋಡ್ಲಿ, ಇವರ ಪೆನ್ನಲ್ಲೇ ಬರೀಲಿ ಅಂತ ಬಾಯಿ ಮುಚ್ಕೊಂಡು ಕಾಯ್ತಿದ್ದೆ. ನೀನು ಹುಟ್ಟುಮಣ್ಣು ಅಂದೆ. ನಿನ್ ಕೈ ತಪ್ಪಲ್ವಲ್ಲ! ನಂಗೇ ಮರೆವು ಬಂತು, ಜಾಗ ಮರ್ತುಬಿಟ್ಟೆ ಅಂದ್ಕೊಂಡೆ. ಎರಡು ದಿನದಿಂದ ಹೆಂಡ್ತೀನ ಎಲ್ಲಿಟ್ಟೆ ಅಂತ ತಲೆ ಕೆರ್ಕೋತಾ ಇದೀನಿ. ನನ್ ತಲೆ ಮೇಲೇ ನಂಗೆ ಅನುಮಾನ ತಂದುಬಿಟ್ಯಲ್ಲೇ."

"ಮಾವ..."

"ಮಾವ ಅನ್ಬೇಡ."

ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಕೊಂಡು ಹೋದ.

ಗುರುವಾರ ಬೆಳಗ್ಗೆ ಮಷಿನ್ನು ಗೇಟು ದಾಟೋ ಹೊತ್ತಿಗೆ ಕರಣೆಯಕ್ಕ ತಗಡಿನ ಶೆಡ್ಡಲ್ಲಿ ಡಾಕ್ಟ್ರಮ್ಮನ ಮುಂದೆ ನಿಂತಿದ್ಲು. ಎಲ್ಲ ಹೇಳಿದ್ಲು. ಉಸಿರು ತಗೊಳ್ಳದೆ ಹೇಳಿದ್ಲು.

"ಏಳನೇ ಗುಂಡಿಯ ರಿಪೋರ್ಟ್ ಹೋಗಿದೆ ಅಕ್ಕ. ನನ್ನ ಸಹಿ ಹಾಕಿ ಕಳಿಸಿದೀನಿ. ನಿಮ್ಮ ಮಾತಿನ ಮೇಲೆ."

"ಗೊತ್ತು ಮೇಡಂ."

"ನನ್ನ ಹತ್ರ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಇತ್ತೀಚಿನ ಕಸ ಅಂತ ಬರೆದ್ರಲ್ಲ ಮೇಡಂ. ಹೇಳಿದ್ರೆ ಕೂಸನ್ನ ಯಾವ ಪದರಕ್ಕೆ ಬರೀತಿದ್ರಿ?"

ಡಾಕ್ಟ್ರಮ್ಮ ತಲೆ ತಗ್ಗಿಸಿದ್ಲು. ಹೊಸ ಹಾಳೆ ಎಳ್ಕೊಂಡ್ಲು. "ನೋಡಿ, ಒಂದು ದಾರಿ ಇದೆ. ಕಣ್ತಪ್ಪು ಅಂತ ಬರೀತೀನಿ. ಮಣ್ಣು ಒಣಗಿತ್ತು, ಬಣ್ಣ ಸರಿಯಾಗಿ ಗೊತ್ತಾಗ್ಲಿಲ್ಲ. ಯಾರಿಗಾದ್ರೂ ಆಗೋದೇ. ನಿಮ್ಮ ಕೆಲಸ ಉಳಿಯುತ್ತೆ. ಆ ಒಂದು ಗುಂಡಿ ಮತ್ತೆ ಇಳಿದು, ಇರೋದನ್ನ ಮರ್ಯಾದೆಯಿಂದ ಎತ್ತಿ ನಿಮ್ಮ ಕೈಗೇ ಕೊಡಿಸ್ತೀನಿ. ಒಂದು ಸಹಿ ಹಾಕಿ."

ಕೈಗೇ ಕೊಡಿಸ್ತೀನಿ ಅಂದ ತಕ್ಷಣ ಕರಣೆಯಕ್ಕನ ಕೈ ಪೆನ್ನಿನ ಕಡೆ ಹೋಯ್ತು. ಹೋಗ್ಲಿಲ್ಲ ಅಂದ್ರೆ ಸುಳ್ಳು. ಕೂಸು ಸಿಗುತ್ತೆ, ಕೆಲಸ ಉಳಿಯುತ್ತೆ, ಮಾತೂ ಉಳಿಯುತ್ತೆ. ಬರೀ ಒಂದು ಸಹಿ. ಹೊರಗೆ ಮಷಿನ್ನು ಗುರ್ ಅಂತಿತ್ತು.

"ಮಿಕ್ಕೋರು?" ಅಂದ್ಲು.

"ಮಿಕ್ಕೋರು ಅಂದ್ರೆ?"

"ಆ ಇಳಿಜಾರಿನ ತುಂಬ ಇದ್ದಾರೆ ಮೇಡಂ."

"ಅದಕ್ಕೇನು ಪುರಾವೆ ಇದೆ? ಊರಿನ ಸ್ಮಶಾನದ ದಫ್ತರದಲ್ಲಿ ಅಲ್ಲಿ ಮಣ್ಣು ಮಾಡಿದಾರೆ ಅಂತ ಒಂದು ಸಾಲಿಲ್ಲ. ನಾನು ನೋಡಿದೀನಿ."

"ಗೇಟೇ ತೆಗೀದೋರು ದಫ್ತರದಲ್ಲಿ ಬರೀತಾರಾ?"

ಅಷ್ಟರಲ್ಲಿ ಹೆಲ್ಮೆಟ್ಟು ಒಳಗೆ ಬಂದ. ಅರ್ಧ ಕೇಳಿಸ್ಕೊಂಡಿದ್ದ. "ಏನಮ್ಮ ಇದು? ನೀನೇ ಹೇಳಿದ್ದಲ್ವಾ ಏನೂ ಇಲ್ಲ ಅಂತ? ಈಗ ಮಷಿನ್ನು ಬಂದ ಮೇಲೆ ನಾಟಕನಾ?"

"ನಾಟಕ ಮೊನ್ನೆ ಆಡಿದ್ದು ಸಾರ್. ಇವತ್ತು ನಿಜ ಹೇಳ್ತಿದೀನಿ."

"ಕಣ್ತಪ್ಪು ಅಂತ ಬರೆದ್ಕೊಡಿ ಮೇಡಂ, ಒಂದು ಗಂಟೆ ಟೈಮ್ ಕೊಡ್ತೀನಿ. ಎತ್ಕೊಂಡು ಹೋಗ್ಲಿ."

ಕರಣೆಯಕ್ಕ ಪೆನ್ನನ್ನ ವಾಪಸ್ಸು ಮೇಜಿನ ಮೇಲಿಟ್ಲು.

"ಕಣ್ತಪ್ಪಲ್ಲ. ಸುಳ್ಳು. ಸುಳ್ಳು ಅಂತಲೇ ಬರೀರಿ. ತಪ್ಪು ಅಂದ್ರೆ ಒಂದು ಗುಂಡಿ, ಒಂದು ಗಂಟೆ. ಸುಳ್ಳು ಅಂದ್ರೆ ನಂಗೆ ಗೊತ್ತಿತ್ತು ಅಂತ. ಏನಿದೆ ಅಂತ ಗೊತ್ತಿದ್ದೇ ಮುಚ್ಚಿಟ್ಲು ಅಂತ. ಆಗ ಇಡೀ ಇಳಿಜಾರನ್ನ ನೋಡ್ಬೇಕಾಗುತ್ತೆ. ಮಣ್ಣಲ್ಲಿ ನನ್ ಕೈ ತಪ್ಪಿಲ್ಲ ಮೇಡಂ. ಯಾವತ್ತೂ ತಪ್ಪಿಲ್ಲ."

"ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ನಿನ್ ಮೇಲೆ" ಅಂದ ಹೆಲ್ಮೆಟ್ಟು. "ಸರ್ಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟಿದೀಯ. ಒಳಗೆ ಹೋಗ್ತೀಯ."

"ಕೊಡಿ ಸಾರ್."

"ಏನು ಕೊಡಿ?"

"ಕಂಪ್ಲೇಂಟು. ಕೊಟ್ರೆ ಬರೀಬೇಕಲ್ಲ, ನಾನು ಏನನ್ನ ಮುಚ್ಚಿಟ್ಟೆ ಅಂತ. ಬರೀರಿ. ಈ ಇಳಿಜಾರಲ್ಲಿ ನಮ್ಮೋರ ಹೆಣಗಳಿವೆ, ಅದನ್ನ ಇವಳು ಮುಚ್ಚಿಟ್ಲು ಅಂತ ನಿಮ್ ಕೈಯಾರೆ ಬರ್ದು ಸಹಿ ಹಾಕಿ. ಇಷ್ಟು ವರ್ಷದಲ್ಲಿ ಯಾವ ಕಾಗದದಲ್ಲೂ ಇಲ್ಲ ಅದು. ನನ್ನ ಕೇಸಲ್ಲಾದ್ರೂ ಬರ್ಲಿ."

ಹೆಲ್ಮೆಟ್ಟು ಫೋನು ತೆಗೆದು ಹೊರಗೆ ಹೋದ. ಮಷಿನ್ನಿನವನಿಗೆ ಕೈ ಬೀಸಿ ಏನೋ ಕೂಗ್ದ. ಮಷಿನ್ನು ಏಳನೇ ಗುಂಡಿ ಕಡೆ ತಿರುಗ್ತು.

ಕರಣೆಯಕ್ಕ ಓಡಿದ್ಲು. ನಲವತ್ತೆಂಟು ವರ್ಷದ ಮಂಡಿ, ಹದಿನಾರು ವರ್ಷ ಕುಕ್ಕರಗಾಲಲ್ಲಿ ಕೂತ ಮಂಡಿ. ಓಡೋಕೆ ಬರ್ಲಿಲ್ಲ, ಆದ್ರೂ ಓಡಿದ್ಲು. ಗುಂಡಿಯ ಅಂಚಿಗೆ, ಮಷಿನ್ನಿಗೆ ಮುಖ ಮಾಡಿ ನೆಲಕ್ಕೆ ಕೂತ್ಲು. ಹಲ್ಲಿನ ಬಕೆಟ್ಟು ಅವಳ ತಲೆ ಮೇಲಕ್ಕೆ ಬಂದು ನಿಲ್ತು. ಅದರಿಂದ ಎಲ್ಲಿಯದೋ ಕೆಂಪು ಮಣ್ಣು ಅವಳ ತಲೆ ಮೇಲೆ ಉದುರ್ತು. ಮಷಿನ್ನಿನವನು ಬೆವರ್ತಿದ್ದ. "ಏಳಮ್ಮಾ, ನಿನ್ ದಮ್ಮಯ್ಯ ಏಳು" ಅಂದ. ಅವಳು ಏಳ್ಲಿಲ್ಲ.

ಜರಡಿ ಮಾವ ಬಂದ. ಗುಂಡಿ ಸುತ್ತಿ ಬಂದು, ಅವಳಿಂದ ಹತ್ತು ಮಾರು ದೂರ ಕೆಳಗಡೆ, ಗೂಟ ದಾರ ಏನೂ ಇಲ್ಲದ ಕಡೆ ಕೂತ.

"ಮಾವ..." ಅಂದ್ಲು.

"ನಿನ್ ಜೊತೆ ಕೂತಿಲ್ಲ" ಅಂದ ಮಾವ. "ನನ್ ಹೆಂಡ್ತಿ ಪಕ್ಕ ಕೂತಿದೀನಿ."

ಡಾಕ್ಟ್ರಮ್ಮ ಹಾಳೆ ಹಿಡ್ಕೊಂಡು ನಡ್ಕೊಂಡು ಬಂದ್ಲು. ಮೆಲ್ಲಗೆ ಬಂದ್ಲು, ಕಾಲಡಿ ನೋಡ್ಕೊಂಡು, ಎಲ್ಲಿ ಹೆಜ್ಜೆ ಇಡ್ಲಿ ಅನ್ನೋ ಹಾಗೆ. ಅಲ್ಲಿ ಅವಳು ಹಾಗೆ ನಡೆದದ್ದು ಅದೇ ಮೊದಲು. "ಎಂಜಿನ್ ಆಫ್ ಮಾಡಿ" ಅಂದ್ಲು ಮಷಿನ್ನಿನವನಿಗೆ. ಹೆಲ್ಮೆಟ್ಟು ದೂರದಿಂದ ಕೂಗ್ತಿದ್ದ. "ನನ್ನ ರಿಪೋರ್ಟ್ ವಾಪಸ್ ತಗೋತಿದೀನಿ, ಆಫ್ ಮಾಡಿ!" ಅಂತ ಅವಳೂ ಕೂಗಿದ್ಲು. ಸದ್ದು ನಿಲ್ತು. ಎಷ್ಟು ದಿನಕ್ಕೋ ಯಾರಿಗೆ ಗೊತ್ತು. ಆ ಹೊತ್ತಿಗೆ ನಿಲ್ತು.

ಡಾಕ್ಟ್ರಮ್ಮ ಕರಣೆಯಕ್ಕನ ಪಕ್ಕ ಮಣ್ಣಲ್ಲೇ ಕೂತು ತೊಡೆ ಮೇಲೆ ಹಾಳೆ ಇಟ್ಕೊಂಡ್ಲು. 'ಕಣ್ತಪ್ಪಿನಿಂದ' ಅಂತಿದ್ದಿದ್ದನ್ನ ಹೊಡೆದು ಹಾಕಿದ್ಲು. ಮೇಲೆ 'ತಿಳಿದೂ ಸುಳ್ಳು' ಅಂತ ಬರೆದ್ಲು.

"ಯಾಕೆ ಅಂತ ಬರೀಲಿ ಅಕ್ಕ?"

"ಮೇಲಕ್ಕೆ ಕಟ್ತಾರೆ ಅಂದ್ಕೊಂಡಿದ್ಲು ಅಂತ ಬರೀರಿ. ಕೆಳಕ್ಕೂ ಕಟ್ತಾರೆ ಅಂತ ಅವಳಿಗೆ ಗೊತ್ತಿರ್ಲಿಲ್ಲ ಅಂತ."

ಡಾಕ್ಟ್ರಮ್ಮ ಹಾಗೇ ಬರೆದ್ಲು. "ಒಟ್ಟು ಎಷ್ಟು ಜನ?"

ಕರಣೆಯಕ್ಕನಿಗೆ ಗೊತ್ತಿರ್ಲಿಲ್ಲ. ಅವಳಿಗೆ ಒಂದೇ ಗೊತ್ತಿದ್ದದ್ದು. ಆ ಒಂದಕ್ಕಾಗಿ ಎಲ್ಲರನ್ನೂ ಮುಚ್ಚಿದ್ಲು. ಅವಳು ಮಾವನ ಕಡೆ ನೋಡಿದ್ಲು.

"ಅರವತ್ಮೂರು" ಅಂದ ಮಾವ, ಡಾಕ್ಟ್ರಮ್ಮನಿಗೆ. "ನಾನು ತೋಡಿದ್ದು. ನಮ್ಮಪ್ಪ ತೋಡಿದ್ದು ಬೇರೆ."

ಆಮೇಲೆ ಕರಣೆಯಕ್ಕ ಏಳನೇ ಗುಂಡಿಗೆ ಇಳಿದ್ಲು. ಕಾಗದ ಸಾಲಲ್ಲ, ಕಣ್ಣಿಗೆ ಕಾಣ್ಬೇಕು ಅಂತ ಡಾಕ್ಟ್ರಮ್ಮ ಅಂದಿದ್ಲು. ಯಾವುದನ್ನ ಯಾರೂ ಮುಟ್ಟಬಾರ್ದು ಅಂತ ಮುಚ್ಚಿದ್ಲೋ, ಅದನ್ನ ಅವಳೇ ಬಿಡಿಸ್ಬೇಕಿತ್ತು, ಎಲ್ಲರ ಕಣ್ಣೆದುರು. ಕುಕ್ಕರಗಾಲಲ್ಲಿ ಕೂತ್ಲು. ಕರಣೆ ಆಡ್ಸಿದ್ಲು. ಬಿಗಿ, ಬಿಗಿ, ಮೆತ್ತಗೆ. ಕೈಗೆ ತಿಳೀತು. ತೇಪೆಯ ಮೇಲಿನ ಮಣ್ಣನ್ನ ಉಗುರಷ್ಟು ಉಗುರಷ್ಟು ತೆಗೆದು ಬಾಂಡ್ಲಿಗೆ ತುಂಬಿದ್ಲು. ತುಂಬಿದ ಬಾಂಡ್ಲಿ ಎರಡೂ ಕೈಯಲ್ಲಿ ತಲೆ ಮೇಲಕ್ಕೆ ಎತ್ತಿ ಹಿಡಿದ್ಲು.

ಮೇಲೆ ಜರಡಿ ಮಾವ ನಿಂತಿದ್ದ. ಬಗ್ಗಿ ಬಾಂಡ್ಲಿ ಇಸ್ಕೊಂಡ. ಅವಳ ಮುಖ ನೋಡ್ಲಿಲ್ಲ.